ಮದ್ದು ಬೆಂಗಳೂರಲ್ಲಿ, ಹುಣ್ಣು ಚಳ್ಳಕೆರೆಯಲ್ಲಿ

ಕೀಮೋ ಹಾಕಿಸಿಕೊಂಡ ದಿನ ಬಾಯಿಗೆ ಏನೂ ಆಗುವುದಿಲ್ಲ. ಮರುದಿನವೂ ಆಗುವುದಿಲ್ಲ. ವಾಕರಿಕೆ ಇರುತ್ತದೆ, ಸುಸ್ತು ಇರುತ್ತದೆ. ಅದಕ್ಕೆ ಆಸ್ಪತ್ರೆಯವರು ಮಾತ್ರೆ ಬರೆದುಕೊಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಬಸ್ಸು ಹತ್ತಿ, ಹಿರಿಯೂರು ದಾಟಿ, ಚಳ್ಳಕೆರೆಯಲ್ಲಿ ಇಳಿದು, ಅಲ್ಲಿಂದ ಆಟೊವೋ ಇನ್ನೊಂದು ಬಸ್ಸೋ ಹಿಡಿದು ಹಳ್ಳಿ ಸೇರಿದ ಮೇಲೆ, ಐದನೇ ದಿನವೋ ಏಳನೇ ದಿನವೋ ನಾಲಿಗೆಯ ಅಂಚು ಚುರುಗುಟ್ಟಲು ಶುರುವಾಗುತ್ತದೆ. ಹತ್ತನೇ ದಿನದ ಹೊತ್ತಿಗೆ ಕೆನ್ನೆಯ ಒಳಗೆ, ತುಟಿಯ ಒಳಗೆ, ನಾಲಿಗೆಯ ಕೆಳಗೆ ಹುಣ್ಣೆದ್ದು ಎಂಜಲು ನುಂಗುವುದೂ ಕಷ್ಟವಾಗುತ್ತದೆ. ಮುಂದಿನ ಕೀಮೋ ಹೆಚ್ಚಿನವರಿಗೆ 21ನೇ ದಿನಕ್ಕೆ. ಅಷ್ಟರಲ್ಲಿ ಹುಣ್ಣು ಬಹುಪಾಲು ಮಾಯ್ದಿರುತ್ತದೆ. ಡಾಕ್ಟರು ಬಾಯಿ ತೆರೆಸಿ ನೋಡಿದರೂ ಅವರಿಗೆ ಕಾಣುವುದು ವಾಸಿಯಾದ ಬಾಯಿ.

ಈ ಲೆಕ್ಕಾಚಾರವೇ ನಮ್ಮ ತಕರಾರಿನ ಮೂಲ. ಹುಣ್ಣು ಇರುವ ದಿನಗಳಲ್ಲಿ ರೋಗಿ ಊರಲ್ಲಿರುತ್ತಾರೆ, ಹುಣ್ಣು ಇಲ್ಲದ ದಿನ ಆಸ್ಪತ್ರೆಯಲ್ಲಿರುತ್ತಾರೆ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಮೊಳಕಾಲ್ಮುರಿನಿಂದ ಇನ್ನೂ ಐವತ್ತು ಜಾಸ್ತಿ. ಬಾಯಿಹುಣ್ಣಿಗೆಂದು ಯಾರೂ ಅಷ್ಟು ದೂರ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ. ಈ ಹುಣ್ಣನ್ನು ನೋಡಿಕೊಳ್ಳಲು ಬೇಕಾದ ಮುಕ್ಕಾಲು ಸಾಮಾನು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಉಳಿದ ಕಾಲು ಭಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ಕ್ಯಾನ್ಸರ್ ಚಿಕಿತ್ಸೆಯ ಬಾಯಿಹುಣ್ಣಿನ ಜವಾಬ್ದಾರಿಯನ್ನು ತಾಲ್ಲೂಕಿನ ಆರೋಗ್ಯ ವ್ಯವಸ್ಥೆ ತನ್ನದೆಂದು ಬರೆದುಕೊಳ್ಳಬೇಕು ಎನ್ನುವುದು ನಮ್ಮ ವಾದ.

'ಅಷ್ಟು ದೊಡ್ಡ ಕಾಯಿಲೆಯ ಮುಂದೆ ಬಾಯಿಹುಣ್ಣು ಯಾವ ಲೆಕ್ಕ' ಎಂದು ನಮಗೂ ಹಲವರು ಕೇಳಿದರು. ಬಾಯಿಹುಣ್ಣಿನ ಕಾರಣಕ್ಕೆ ಚಿಕಿತ್ಸೆಯನ್ನೇ ನಡುವೆ ಬಿಟ್ಟವರು ನಮ್ಮೂರುಗಳಲ್ಲಿದ್ದಾರೆ. ಮೊಳಕಾಲ್ಮುರು ಕಡೆಯ ಒಬ್ಬ ನೇಕಾರರು ಸಿಕ್ಕಿದ್ದರು, ಹೆಸರು ಹಾಕಬೇಡಿ ಅಂದರು. ಕೆನ್ನೆಯ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುತ್ತಿತ್ತು. ನಾಲ್ಕನೇ ವಾರಕ್ಕೆ ಬಾಯೆಲ್ಲ ಬೆಂದು, ನೀರು ಕುಡಿದರೂ ಕಣ್ಣಲ್ಲಿ ನೀರು ಬರುವ ಹಾಗಾಯಿತು. 'ಒಂದು ವಾರ ಊರಿಗೆ ಹೋಗಿ ಸುಧಾರಿಸ್ಕಂಡು ಬತ್ತೀನಿ ಅಂತ ಬಂದೆ' ಅಂದರು. ವಾಪಸ್ಸು ಹೋದದ್ದು ಮೂರು ವಾರದ ಮೇಲೆ. ಅವರಿಗೆ ಯಾರೂ ಹೇಳದ ಒಂದು ವಿಷಯವಿದೆ: ತಲೆ-ಕುತ್ತಿಗೆ ಭಾಗದ ರೇಡಿಯೇಷನ್ ನಡುವೆ ನಿಂತರೆ, ನಿಂತ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ಕುಸಿಯುತ್ತದೆ ಎನ್ನುವುದು ರೇಡಿಯೇಷನ್ ವೈದ್ಯರು ಬಹಳ ಕಾಲದಿಂದ ಬಲ್ಲ ಲೆಕ್ಕ. ಬಾಯಿಹುಣ್ಣಿನಿಂದ ಯಾರೂ ಸಾಯುವುದಿಲ್ಲ ಎನ್ನುವ ಮಾತನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು.

ಈ ಹುಣ್ಣು ಬರುವುದಾದರೂ ಏಕೆ? ಬಾಯಿಯ ಒಳಪೊರೆ ಮೈಯಲ್ಲೇ ಬೇಗ ಬೇಗ ಹೊಸದಾಗುವ ಭಾಗಗಳಲ್ಲಿ ಒಂದು. ಒಂದೆರಡು ವಾರಕ್ಕೊಮ್ಮೆ ಅಲ್ಲಿನ ಜೀವಕೋಶಗಳು ಹೊಸದಾಗುತ್ತಲೇ ಇರುತ್ತವೆ. ಕೀಮೋ ಮದ್ದು ಬೇಗ ಬೆಳೆಯುವ ಕೋಶಗಳನ್ನು ಹುಡುಕಿ ಹೊಡೆಯುತ್ತದೆ. ಅದಕ್ಕೆ ಕ್ಯಾನ್ಸರಿನ ಕೋಶ ಯಾವುದು, ಬಾಯಿಯ ಕೋಶ ಯಾವುದು, ಕೂದಲಿನ ಬೇರು ಯಾವುದು ಎಂಬ ಭೇದ ಅಷ್ಟಾಗಿ ತಿಳಿಯದು. ಶೇಂಗಾ ಹೊಲಕ್ಕೆ ಕಳೆನಾಶಕ ಹೊಡೆದಾಗ ಕಳೆಯ ಜೊತೆಗೆ ಎಳೆ ಗಿಡವೂ ಸುಸ್ತಾಗಿ ಹಳದಿ ತಿರುಗುತ್ತದಲ್ಲ, ಹಾಗೆ. ಗಿಡ ಚೇತರಿಸಿಕೊಳ್ಳುತ್ತದೆ. ಬಾಯಿಯೂ ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತದೆ. ರೇಡಿಯೇಷನ್ನಿನದು ಬೇರೆ ಲೆಕ್ಕ. ವಾರಕ್ಕೆ 5 ದಿನದಂತೆ ಆರೇಳು ವಾರ ಕರೆಂಟು ಕೊಡುತ್ತಾರೆ (ನಮ್ಮ ಕಡೆ ರೇಡಿಯೇಷನ್ನಿಗೆ ಕರೆಂಟು ಕೊಡೋದು ಅಂತಲೇ ಹೆಸರು). ಎರಡನೇ ವಾರಕ್ಕೆ ಬಾಯಿ ಕೆಂಪಾಗುತ್ತದೆ, ಮೂರನೇ ವಾರಕ್ಕೆ ಹುಣ್ಣೇಳುತ್ತದೆ, ಕೊನೆಯ ವಾರಗಳಲ್ಲಿ ಅತಿ ಜೋರಾಗುತ್ತದೆ. ಕೊನೆಯ ಕರೆಂಟು ಮುಗಿದ ಮೇಲೂ ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಅಂದರೆ 'ಚಿಕಿತ್ಸೆ ಮುಗಿಯಿತು, ಊರಿಗೆ ಹೋಗಿ' ಎಂದು ಕಳಿಸುವ ದಿನ ಬಾಯಿ ತೀರಾ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಬಾಯಿ ಗಂಟಲಿನ ಭಾಗಕ್ಕೆ ರೇಡಿಯೇಷನ್ ಪಡೆದವರಲ್ಲಿ ಒಂದಿಷ್ಟಾದರೂ ಹುಣ್ಣಾಗದೆ ಉಳಿಯುವವರು ಬಹಳ ಕಡಿಮೆ.

ಇದು ಯಾರೋ ನಾಲ್ಕು ಜನರ ಪಾಡು ಎಂದುಕೊಳ್ಳಬೇಡಿ. ಗ್ಲೋಬೊಕ್ಯಾನ್ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್ ಸುಮಾರು 14 ಲಕ್ಷ. ಅದರಲ್ಲಿ ತುಟಿ ಮತ್ತು ಬಾಯಿಯದೇ ಸುಮಾರು 1.43 ಲಕ್ಷ. ಗಂಡಸರಲ್ಲಿ ಬಾಯಿ ಕ್ಯಾನ್ಸರಿಗೇ ಮೊದಲ ಸ್ಥಾನ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ನಮ್ಮ ಜಗಲಿಯ ಮೇಲೇ ಇವೆ. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್ಟಿನಲ್ಲೂ ತಂಬಾಕು ಇನ್ನೊಂದರಲ್ಲೂ ಬಂದು ಎರಡೂ ಬಾಯಲ್ಲಿ ಒಂದಾದವು. ಅದು ಬೇರೆಯದೇ ಬರಹದ ವಿಷಯ, ಬಿಡಿ.

ನಮ್ಮ ಕಡೆ ಬಾಯಿಹುಣ್ಣು ಎಂದರೆ ಉಷ್ಣ. ಬಾಯಿ ಹುಣ್ಣಾದರೆ ಅಜ್ಜಿ ಮೆಂತ್ಯ ನೆನೆಸಿ ಕೊಡುತ್ತಾಳೆ, ಎಳನೀರು ಕುಡಿ ಅನ್ನುತ್ತಾಳೆ, ತುಪ್ಪ ಸವರುತ್ತಾಳೆ. ಮೆಡಿಕಲ್ ಶಾಪಿಗೆ ಹೋದರೆ ಬಿ-ಕಾಂಪ್ಲೆಕ್ಸ್ ಮಾತ್ರೆ, ಜೊತೆಗೊಂದು ಸವರುವ ಜೆಲ್. ಮಾಮೂಲಿ ಹುಣ್ಣಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಉಷ್ಣದ ಲೆಕ್ಕವನ್ನು ಕೀಮೋಗೆ ಹಾಕಿದಾಗ ಒಂದು ಅಪಾಯದ ತೀರ್ಮಾನ ಹುಟ್ಟುತ್ತದೆ: 'ಈ ಮದ್ದು ಬಾಳ ಉಷ್ಣ, ಇವರ ಮೈಗೆ ಒಗ್ಗಂಗಿಲ್ಲ.' ಹೀಗೆಂದು ಒಬ್ಬ ಹಿರಿಯರು ಹೇಳಿದರೆ ಸಾಕು, ಮುಂದಿನ ಕೀಮೋ ಹಿಂದೆ ಬೀಳುತ್ತದೆ, ನಾಟಿ ಔಷಧಿಯವರ ಮನೆಯ ದಾರಿ ಶುರುವಾಗುತ್ತದೆ. ಹಿರಿಯರನ್ನು ದೂರಿ ಫಲವಿಲ್ಲ. 'ಐದನೇ ದಿನಕ್ಕೆ ಹುಣ್ಣು ಬರಬಹುದು, ಬಂದರೆ ಹೀಗೆ ಮಾಡಿ, ಮೂರನೇ ವಾರಕ್ಕೆ ಹೋಗುತ್ತದೆ' ಎಂಬ ಮೂರು ಮಾತನ್ನು ಕನ್ನಡದಲ್ಲಿ ಮೊದಲೇ ಹೇಳಿದ್ದರೆ ಅವರೇ ಇಡೀ ಮನೆಗೆ ಧೈರ್ಯ ಹೇಳುತ್ತಿದ್ದರು. ನಾವು ನೋಡಿದ ಡಿಸ್ಚಾರ್ಜ್ ಚೀಟಿಗಳು ಇಂಗ್ಲಿಷಿನಲ್ಲಿದ್ದವು. ಅವುಗಳಲ್ಲಿ ಬಾಯಿಯ ಬಗ್ಗೆ ಇದ್ದದ್ದು ಹೆಚ್ಚೆಂದರೆ ಒಂದು ಸಾಲು. ಮೊಳಕಾಲ್ಮುರು ಗಡಿಯ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿ ಕನ್ನಡದ ಚೀಟಿ ಒಂದೇ ಇದ್ದರೂ ಸಾಲದು.

ಹಾಗಾದರೆ ಮಾಡಬೇಕಾದದ್ದು ಏನು? ಮೊದಲನೆಯದು, ಎಲ್ಲಕ್ಕಿಂತ ಅಗ್ಗವಾದದ್ದು, ಬಾಯಿ ಮುಕ್ಕಳಿಸುವುದು. ಒಂದು ಲೋಟ ಉಗುರುಬೆಚ್ಚಗಿನ ಶುದ್ಧ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ತಿನ್ನುವ ಸೋಡ. ಬಟ್ಟೆ ಸೋಡ ಅಲ್ಲ, ಬಜ್ಜಿಗೆ ಹಾಕುವ ಸೋಡ. ಎರಡೂ ಒಂದೇ ಅಂಗಡಿಯಲ್ಲಿ ಸಿಗುವುದರಿಂದ ಒತ್ತಿ ಹೇಳುತ್ತಿದ್ದೇವೆ. ಊಟವಾದ ಮೇಲೆ, ಮಲಗುವ ಮುಂಚೆ, ನಡುವೆ ಎರಡು ಮೂರು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳಬೇಕು. ಹುಣ್ಣು ಬಂದ ಮೇಲೆ ಶುರು ಮಾಡುವುದಲ್ಲ, ಕೀಮೋ ಆದ ದಿನದಿಂದಲೇ ಶುರು ಮಾಡಬೇಕು. ಉಪ್ಪು ಜಾಸ್ತಿ ಹಾಕಿದರೆ ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ ಬೇಡ, ಉರಿಯಷ್ಟೇ ಹೆಚ್ಚುತ್ತದೆ. ಅಂಗಡಿಯಲ್ಲಿ ಸಿಗುವ, ಬಾಯಿ ಚುರ್ರೆನ್ನಿಸುವ ಬಣ್ಣದ ಮೌತ್‌ವಾಷ್‌ಗಳಲ್ಲಿ ಹಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಅವುಗಳ ಸಹವಾಸ ಬೇಡ.

ಹಲ್ಲುಜ್ಜುವುದನ್ನು ನಿಲ್ಲಿಸಬಾರದು. ನೋವೆಂದು ವಾರಗಟ್ಟಲೆ ಹಲ್ಲುಜ್ಜದೆ ಇದ್ದವರ ಬಾಯಲ್ಲಿ ಹುಣ್ಣಿನ ಮೇಲೆ ಸೋಂಕು ಕೂರುತ್ತದೆ. ಬೇವಿನ ಕಡ್ಡಿ, ಇದ್ದಿಲು, ಬೂದಿ, ಕಪ್ಪು ಹಲ್ಲುಪುಡಿ ಎಲ್ಲವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಮಕ್ಕಳ ಮೆತ್ತನೆಯ ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ ಇನ್ನಷ್ಟು ಮೆತ್ತಗೆ ಮಾಡಿಕೊಂಡು ನಿಧಾನವಾಗಿ ಉಜ್ಜಬಹುದು. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಊಟದ ಹೊತ್ತು ಬಿಟ್ಟು ಉಳಿದಂತೆ ತೆಗೆದಿಡಬೇಕು. ಹೊಗೆಸೊಪ್ಪು, ಬೀಡಿ, ಎಲೆಯಡಿಕೆಯ ಸುಣ್ಣ ಈ ಹುಣ್ಣಿನ ಮೇಲೆ ಬಿದ್ದರೆ ಏನಾಗುತ್ತದೆಂದು ನಾವು ಬಿಡಿಸಿ ಹೇಳಬೇಕಿಲ್ಲ. ಆದರೂ ರೇಡಿಯೇಷನ್ ನಡೆಯುವಾಗಲೇ ಕದ್ದು ಎಲೆ ಹಾಕುವವರು ಇದ್ದಾರೆ.

ಈಗ ಊಟದ ವಿಚಾರ. ಬೆಂಗಳೂರಿನ ಆಹಾರತಜ್ಞರು ಕೊಡುವ ಪಟ್ಟಿಯಲ್ಲಿ ಕಸ್ಟರ್ಡ್, ಸೂಪ್, ಮಿಲ್ಕ್‌ಶೇಕ್ ಇರುತ್ತವೆ. ಚಳ್ಳಕೆರೆಯ ಅಡುಗೆಮನೆಗೆ ಬೇಕಿರುವುದು ಮುದ್ದೆಯ ಲೆಕ್ಕ. ಮುದ್ದೆ ನುಂಗುವ ಊಟ, ಅಗಿಯುವ ಊಟವಲ್ಲ. ಹಾಗಾಗಿ ಬಾಯಿಹುಣ್ಣಿನವರಿಗೆ ಮುದ್ದೆ ಅಷ್ಟು ಕಷ್ಟ ಕೊಡದು, ಕಷ್ಟ ಕೊಡುವುದು ಸಾರು. ನಮ್ಮ ಕಡೆಯ ಸಾರಿನ ಖಾರ ಗೊತ್ತಲ್ಲ, ಒಳ್ಳೆಯ ಬಾಯಿಯವರಿಗೇ ಬೆವರು ಬರುತ್ತದೆ. ಮನೆಯವರು ಮಾಡುವುದು ಇದರ ಉಲ್ಟಾ: ಮುದ್ದೆ ಗಟ್ಟಿ, ಬೇಡ ಎಂದು ನಿಲ್ಲಿಸಿ, ಎರಡು ಬಿಸ್ಕತ್ತು ಚಹಾದಲ್ಲಿ ಅದ್ದಿ ಕೊಡುತ್ತಾರೆ. ಬಿಸ್ಕತ್ತಿನಲ್ಲಿ ಮೈ ಹಿಡಿಯುವ ಸತ್ವ ಎಲ್ಲಿದೆ? ಹುಣ್ಣು ಮಾಯಲು ಪ್ರೋಟೀನ್ ಬೇಕು. ಮೆತ್ತಗೆ ಮಾಡಿದ ಮುದ್ದೆಯನ್ನು ಹಾಲಲ್ಲಿ ಕಲಸಿ, ಇಲ್ಲವೇ ಖಾರ, ಹುಳಿ ಎರಡೂ ಇಲ್ಲದ ತೊಗರಿಬೇಳೆ ಕಟ್ಟಿನಲ್ಲಿ ಕಲಸಿ ಕೊಡಬಹುದು. ಗಂಟಲೂ ಹುಣ್ಣಾಗಿದ್ದರೆ ಅದೇ ರಾಗಿ ಅಂಬಲಿಯಾಗಲಿ. ನವಣೆ ಅಕ್ಕಿಯ ಗಂಜಿ, ಹೆಸರುಬೇಳೆ ಪಾಯಸ, ಬಾಳೆಹಣ್ಣು ಹಿಸುಕಿದ್ದು, ಚೆನ್ನಾಗಿ ಬೆಂದ ಮೊಟ್ಟೆಯನ್ನು ಅನ್ನದ ಜೊತೆ ಮಿದ್ದಿದ್ದು, ಹುಳಿಯಿಲ್ಲದ ಮೊಸರು. ಎಣ್ಣೆ ಮಿಲ್ಲುಗಳ ಊರಿನವರಿಗೆ ಶೇಂಗಾ ನೆನಪಿಸಬೇಕೆ? ರಾತ್ರಿ ನೆನೆಸಿ, ಬೇಯಿಸಿ, ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಹಾಲಿನ ಹಾಗೆ ಮಾಡಿದರೆ ಅದಕ್ಕಿಂತ ಅಗ್ಗದ ಪ್ರೋಟೀನ್ ಪೌಡರ್ ಈ ಎರಡು ತಾಲ್ಲೂಕಿನಲ್ಲಿ ಇಲ್ಲ. ಯಾವುದನ್ನೂ ಬಿಸಿಬಿಸಿ ಕೊಡಬೇಡಿ, ಆರಿದ ಮೇಲೆ ಕೊಡಿ. ನಿಂಬೆ, ಟೊಮೆಟೊ, ಹುಣಸೆ, ಉಪ್ಪಿನಕಾಯಿ, ಗರಿಗರಿ ರೊಟ್ಟಿ ಕೆಲವು ದಿನ ದೂರವಿರಲಿ.

ನೀರಿನ ಮಾತು ಬೇರೆಯೇ ಇದೆ. ನಮ್ಮದು ಬಿಸಿಲಿನ ನಾಡು. ಏಪ್ರಿಲ್-ಮೇ ತಿಂಗಳಲ್ಲಿ ಬಾಯಿಹುಣ್ಣಿನವರು ನೀರು ಕುಡಿಯುವುದನ್ನು ಬಿಟ್ಟರೆ ಎರಡೇ ದಿನಕ್ಕೆ ಬೀಳುತ್ತಾರೆ. ಗುಟುಕು ಗುಟುಕಾಗಿ, ಬೇಕಿದ್ದರೆ ಎಳನೀರಿನ ಅಂಗಡಿಯ ಕೊಳವೆಯಲ್ಲಿ ಹೀರಿಕೊಂಡಾದರೂ ಕುಡಿಸಬೇಕು. ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗಿದರೆ ಡ್ರಿಪ್ ಬೇಕಾಗಬಹುದು ಎಂದು ತಿಳಿಯಬೇಕು. ಬೋರ್‌ವೆಲ್ ನೀರಿನ ಫ್ಲೋರೈಡ್ ನಮ್ಮ ಜಿಲ್ಲೆಯ ಹಳೆಯ ಶಾಪ. ಕುಡಿಯಲೂ ಮುಕ್ಕಳಿಸಲೂ ಶುದ್ಧ ನೀರಿನ ಘಟಕದ ನೀರನ್ನೇ ಕುದಿಸಿ ಆರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಐಸ್ ವಿಚಾರ ಕೇಳಿದರೆ ನಗು ಬರಬಹುದು. 5-ಫ್ಲೋರೋಯುರಾಸಿಲ್ ಎಂಬ ಮದ್ದನ್ನು ಒಮ್ಮೆಲೇ ನರಕ್ಕೆ ಚುಚ್ಚುವಾಗ ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ಹುಣ್ಣು ಕಡಿಮೆಯಾಗುತ್ತದೆ. ತಂಪಿಗೆ ರಕ್ತನಾಳ ಕುಗ್ಗಿ ಬಾಯಿಗೆ ಹೋಗುವ ಮದ್ದು ಕಡಿಮೆಯಾಗುತ್ತದೆ, ಅಷ್ಟೇ. ಅಂತಾರಾಷ್ಟ್ರೀಯ ಮಾರ್ಗಸೂಚಿಗಳೇ ಇದನ್ನು ಶಿಫಾರಸು ಮಾಡುತ್ತವೆ. ಆದರೆ ಎಲ್ಲ ಮದ್ದಿಗೂ ಇದು ನಡೆಯದು. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಂಪೇ ತೊಂದರೆ, ಗಂಟಲು ಹಿಡಿದಂತಾಗುತ್ತದೆ. ಹಾಗಾಗಿ ಕೇಳಿಯೇ ಮಾಡಬೇಕು: 'ಡಾಕ್ಟ್ರೇ, ಈ ಮದ್ದಿಗೆ ಐಸ್ ಇಟ್ಕೋಬಹುದಾ?' ಕೇಳಲು ನಾಚಿಕೆ ಬೇಡ. ಬಾಯಿ ಗಂಟಲಿನ ರೇಡಿಯೇಷನ್ ಪಡೆಯುವವರಿಗೆ ಬೆಂಜಿಡಮೈನ್ ಎಂಬ ಮುಕ್ಕಳಿಸುವ ಔಷಧಿ ಇದೆ, ಮೊದಲ ದಿನಗಳಿಂದಲೇ ಬಳಸಿದರೆ ಹುಣ್ಣಿನ ಜೋರು ತಗ್ಗುತ್ತದೆ. ಜೇನಿನಿಂದಲೂ ರೇಡಿಯೇಷನ್ ಹುಣ್ಣಿಗೆ ಸ್ವಲ್ಪ ಉಪಯೋಗವಿದೆ ಎಂದು ಅದೇ ಮಾರ್ಗಸೂಚಿಗಳು ಒಪ್ಪುತ್ತವೆ. ಸಕ್ಕರೆ ಕಾಯಿಲೆಯವರು, ಕೀಮೋದಿಂದ ಬಿಳಿ ರಕ್ತಕಣ ಇಳಿದವರು ಮಾತ್ರ ವೈದ್ಯರನ್ನು ಕೇಳದೆ ಬೇಲಿಯ ಜೇನು ಬಾಯಿಗಿಡಬಾರದು.

ಇಷ್ಟು ಮನೆಯ ಕೆಲಸ. ಮನೆಯಲ್ಲಿ ಮಾಡಬಾರದ ಕೆಲಸವೂ ಇದೆ, ಅದರ ಬಗ್ಗೆ ನಮಗೆ ಹೆಚ್ಚು ಭಯ. ಹುಣ್ಣಿನ ನೋವಿಗೆ ಊರಿನ ಇಂಜೆಕ್ಷನ್ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುವುದು, ಅಂಗಡಿಯಿಂದ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿಸುವುದು. ಕೀಮೋ ಆದ ಎರಡನೇ ವಾರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಸೋಂಕು ತಡೆಯುವ ಬಿಳಿ ಕಣಗಳೂ ತಳ ಮುಟ್ಟಿರುತ್ತವೆ. ಹುಣ್ಣು ಬರುವ ಹೊತ್ತೂ ಅದೇ. ಆಗ ಬಾಯಿಯ ಹುಣ್ಣೆಂದರೆ ಬಾಗಿಲು ತೆರೆದಿಟ್ಟ ಮನೆ. ಬಾಯಲ್ಲಿರುವ ರೋಗಾಣು ಸೀದಾ ರಕ್ತಕ್ಕೆ ಇಳಿಯಬಹುದು. ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸಿ ಬೆಳಗಾಗಲಿ ಎಂದು ಕಾಯುವಂತಿಲ್ಲ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಬಾಯಿಂದ ರಕ್ತ ನಿಲ್ಲದಿದ್ದರೂ ಅಷ್ಟೇ, ಇಡೀ ದಿನ ನೀರೂ ಇಳಿಯದಿದ್ದರೂ ಅಷ್ಟೇ. ನಾಲಿಗೆ ಕೆನ್ನೆಯ ಮೇಲೆ ಮೊಸರು ಅಂಟಿದಂತೆ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಬೇರೆ ಔಷಧಿ ಇದೆ, ಬಿ-ಕಾಂಪ್ಲೆಕ್ಸ್‌ನಿಂದ ಹೋಗುವುದಿಲ್ಲ. ಒಂದು ಥರ್ಮಾಮೀಟರ್ ಪ್ರತಿ ಕೀಮೋ ರೋಗಿಯ ಮನೆಯಲ್ಲಿರಬೇಕು. ನಾವು ಹೋದ ಹೆಚ್ಚಿನ ಮನೆಗಳಲ್ಲಿ ಹಣೆ ಮುಟ್ಟಿ ನೋಡುವುದೇ ಥರ್ಮಾಮೀಟರ್ ಆಗಿತ್ತು.

ಮೂಗಿನ ಪೈಪಿನ ಬಗ್ಗೆ ಒಂದು ಮಾತು. ಏನೂ ಇಳಿಯದಷ್ಟು ಹುಣ್ಣಾದಾಗ ವೈದ್ಯರು ಮೂಗಿನ ಮೂಲಕ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ಅದರಲ್ಲಿ ಊಟ ಕೊಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದನ್ನು ಕಂಡವರು 'ಪೈಪ್ ಹಾಕವ್ರೆ, ಇನ್ನ ಮುಗೀತು' ಅನ್ನುತ್ತಾರೆ. ಮುಗಿಯುವುದಿಲ್ಲ. ಹುಣ್ಣು ಮಾಯುವವರೆಗೆ ಹೊಟ್ಟೆಗೆ ಊಟ ಹೋಗಲಿ, ಚಿಕಿತ್ಸೆ ನಿಲ್ಲದಿರಲಿ ಎಂದು ಹಾಕುವ ಕೊಳವೆ ಅದು, ಬಾಯಿ ಸರಿಹೋದ ಮೇಲೆ ತೆಗೆಯುತ್ತಾರೆ. ಈ ಮಾತಿಗೆ ಹೆದರಿ ಪೈಪ್ ಬೇಡವೆಂದು ಊರಿಗೆ ಎದ್ದು ಬಂದವರ ಕಥೆ ನಮಗೆ ಎರಡು ಕಡೆ ಸಿಕ್ಕಿತು.

ಇನ್ನು ಸರ್ಕಾರದ ಪಾಲು. ಈ ಹುಣ್ಣಿನ ಜೋರನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ನಾಲ್ಕು ಮೆಟ್ಟಿಲ ಅಳತೆ ಇದೆ. ಬಾಯಿ ಕೆಂಪಾಗಿ ಉರಿಯಿದ್ದರೆ ಒಂದು, ಹುಣ್ಣಿದ್ದರೂ ಗಟ್ಟಿ ಊಟ ಸಾಗುತ್ತಿದ್ದರೆ ಎರಡು, ಗಂಜಿ ನೀರಷ್ಟೇ ಆದರೆ ಮೂರು, ಏನೂ ಇಳಿಯದಿದ್ದರೆ ನಾಲ್ಕು. ಇದಕ್ಕೆ ಯಂತ್ರ ಬೇಡ, ಸ್ಪೆಷಲಿಸ್ಟ್ ಬೇಡ. 'ಯಜಮಾನ್ರೇ, ಇವತ್ತು ಏನು ಉಂಡ್ರಿ?' ಎಂಬ ಒಂದು ಪ್ರಶ್ನೆ ಸಾಕು. ಆಶಾ ಕಾರ್ಯಕರ್ತೆ ಕೇಳಬಹುದು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಫೋನಿನಲ್ಲೇ ಕೇಳಬಹುದು. ಮೂರು ಎಂದರೆ ತಾಲ್ಲೂಕು ಆಸ್ಪತ್ರೆ, ನಾಲ್ಕು ಎಂದರೆ ಆಂಬುಲೆನ್ಸ್. (ಆಶಾಗಳ ತಲೆಗೆ ಇನ್ನೊಂದು ಕೆಲಸ ಹೊರಿಸುವ ಮುನ್ನ, 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಅವರು ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತದ್ದು ನೆನಪಿರಲಿ. ಕೆಲಸ ಕೊಟ್ಟರೆ ಕಾಸೂ ಕೊಡಬೇಕು.)

ಮನೆ ಮನೆಗೆ ಹೋಗಿ ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ ಮಾಡುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರು ಮಾಡಿತು. ಒಳ್ಳೆಯದೇ. ಆದರೆ ಕಾಯಿಲೆ ಹುಡುಕಲು ಮನೆಗೆ ಬರುವ ವ್ಯವಸ್ಥೆ, ಕಾಯಿಲೆಗೆ ಚಿಕಿತ್ಸೆ ಪಡೆದು ಮಲಗಿರುವವರ ಮನೆಗೂ ಬರಬೇಕಲ್ಲವೇ? ಮುಂದಿನ ಮೂರು ವರ್ಷದಲ್ಲಿ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಹೇಳಿತು. 2025ರಲ್ಲೇ ರಾಜ್ಯವೂ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರ ತೆರೆಯಿತು. ಕೀಮೋ ಹತ್ತಿರ ಬಂದಷ್ಟೂ ಬಸ್ಸಿನ ಖರ್ಚು, ರೂಮಿನ ಬಾಡಿಗೆ, ಜೊತೆಗೆ ಹೋಗುವವರ ಕೂಲಿ ಉಳಿಯುತ್ತದೆ. ಹುಣ್ಣು ಮಾತ್ರ ಆಗಲೂ ಏಳನೇ ದಿನಕ್ಕೆ, ಮನೆಯಲ್ಲೇ ಏಳುತ್ತದೆ. ಡೇ ಕೇರ್ ಎಂದರೆ ಸಂಜೆ ಮನೆಗೆ ಕಳಿಸುವುದು ತಾನೆ?

ತಾಲ್ಲೂಕು ಆಸ್ಪತ್ರೆಗೆ ನಾವು ಕೇಳುವುದು ದೊಡ್ಡದಲ್ಲ. ಅಲ್ಲಿನ ದಂತವೈದ್ಯರ ಕೈಗೆ ಈ ಬಾಯಿಗಳನ್ನು ಒಪ್ಪಿಸಿ. ತಲೆ-ಕುತ್ತಿಗೆಯ ರೇಡಿಯೇಷನ್ನಿಗೆ ಮುಂಚೆ ಹುಳುಕು ಹಲ್ಲು ಕೀಳಿಸಿ ಗಾಯ ಮಾಯಲು ಎರಡು ವಾರ ಬೇಕು. ಅದನ್ನು ಊರಲ್ಲೇ ಮುಗಿಸಿ ಕಳಿಸಬಹುದು. ಬೆಂಜಿಡಮೈನ್, ಶಿಲೀಂಧ್ರದ ಔಷಧಿ, ಬಾಯಿ ಮರಗಟ್ಟಿಸುವ ಜೆಲ್ ಸ್ಟಾಕಿನಲ್ಲಿರಲಿ. ನೋವಿನ ವಿಷಯದಲ್ಲಿ ಮಾತ್ರ ದೊಡ್ಡದನ್ನೇ ಕೇಳುತ್ತೇವೆ. ಮೂರು, ನಾಲ್ಕನೇ ಮೆಟ್ಟಿಲಿನ ಹುಣ್ಣಿನ ನೋವಿಗೆ ಎಷ್ಟೋ ಸಲ ಮಾರ್ಫಿನ್ ಬೇಕಾಗುತ್ತದೆ. ಅದು ದುಬಾರಿ ಮದ್ದಲ್ಲ. 1985ರ ಮಾದಕ ವಸ್ತು ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ಅದನ್ನು ಇಡಲು ಹಿಂಜರಿದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಸುಲಭವಾಗಿ ಇಟ್ಟುಕೊಳ್ಳುವ ದಾರಿಯಾಯಿತು. ಆ ಮಾನ್ಯತೆ ಪಡೆಯಲು ತಾಲ್ಲೂಕು ಆಸ್ಪತ್ರೆಗೂ ಅವಕಾಶವಿದೆ. ಮಾರ್ಫಿನ್ ಮಾತ್ರೆಗೆ ಬೆಂಗಳೂರಿಗೆ ಹೋಗಿ ಬಾ ಎಂದು ನೀರೂ ನುಂಗಲಾಗದವರಿಗೆ ಹೇಳುವುದು ಯಾವ ನ್ಯಾಯ?

ಚಳ್ಳಕೆರೆಯನ್ನು ಈಗ ವಿಜ್ಞಾನ ನಗರಿ ಅನ್ನುತ್ತಾರೆ. ಕುದಾಪುರದ ಸುತ್ತಿನ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರಗಳಿಗೆ ಜಾಗ ಹೋಯಿತು. ಆ ಭಾಭಾ ಕೇಂದ್ರವೇ ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಭಾಭಾಟ್ರಾನ್ ಯಂತ್ರವನ್ನು ರೂಪಿಸಿದ್ದು. ಕುರಿ ದನ ಮೇಯುವ ಕಾವಲನ್ನು ವಿಜ್ಞಾನಕ್ಕೆ ಬಿಟ್ಟುಕೊಟ್ಟ ತಾಲ್ಲೂಕಿನವರು ಅದೇ ವಿಜ್ಞಾನದ ಚಿಕಿತ್ಸೆ ಪಡೆದು ಬಂದಾಗ ಒಂದು ಬಾಟಲಿ ಮುಕ್ಕಳಿಸುವ ಔಷಧಿ, ಒಂದು ಕನ್ನಡದ ಚೀಟಿ ಕೇಳಿದರೆ ಅದು ಅತಿಯಾಸೆಯಲ್ಲ.

ನಮ್ಮ ವೃತ್ತಿಯ ಬಗ್ಗೆಯೂ ಹೇಳಬೇಕು. ಫೆಬ್ರುವರಿ 4 ಬಂದರೆ ಪತ್ರಿಕೆಗಳಲ್ಲಿ ಕ್ಯಾನ್ಸರ್ ಗೆದ್ದವರ ನಗುಮುಖ, ಮೇ 31ಕ್ಕೆ ತಂಬಾಕಿನ ಮೇಲೆ ಪುಟ್ಟ ಪ್ರಬಂಧ. ಗೆಲ್ಲುವುದಕ್ಕೂ ಮುಂಚೆ ಹತ್ತನೇ ದಿನದ ರಾತ್ರಿ ಅವರು ಎಂಜಲು ನುಂಗಲಾಗದೆ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟುಕೊಂಡು ಕೂತಿದ್ದ ಸುದ್ದಿ ಎಲ್ಲೂ ಬರುವುದಿಲ್ಲ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಮನೆಯವರು ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಗೋಡೆಯ ಮೇಲೆ ಎಣ್ಣೆ ಮಿಲ್ಲಿನದೋ ಚಿನ್ನದಂಗಡಿಯದೋ ಕ್ಯಾಲೆಂಡರ್ ಇದ್ದೇ ಇರುತ್ತದೆ. ಕೀಮೋ ಆದ ದಿನಕ್ಕೆ ಒಂದು ಸುತ್ತು ಹಾಕಿ. ಬಾಯಿ ಉರಿ ಶುರುವಾದ ದಿನ, ಹುಣ್ಣೆದ್ದ ದಿನ, ಬರೀ ಗಂಜಿ ಕುಡಿದ ದಿನಗಳು, ಏನೂ ಉಣ್ಣದ ದಿನ, ಜ್ವರ ಬಂದ ದಿನ, ಊಟ ಮತ್ತೆ ಹಿಡಿಸಿದ ದಿನ, ಎಲ್ಲವನ್ನೂ ಆಯಾ ಚೌಕದಲ್ಲೇ ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಲಿ ಬರೆಸಿ. ಬಾಯಿಯ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಹುಣ್ಣು ತೀರಾ ಜೋರಾಗಿತ್ತೆಂದು ತಿಳಿದರೆ ವೈದ್ಯರು ಮದ್ದಿನ ಪ್ರಮಾಣ ಹೊಂದಿಸುತ್ತಾರೆ, ಮುಂಜಾಗ್ರತೆಯ ಔಷಧಿ ಬರೆಯುತ್ತಾರೆ. 21ನೇ ದಿನ ಹೊರಡುವಾಗ ಕಾರ್ಡು, ರಿಪೋರ್ಟಿನ ಜೊತೆಗೆ ಆ ತಿಂಗಳ ಹಾಳೆಯನ್ನೂ ಹರಿದು ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರು 'ಹೇಗಿದ್ದೀರಿ' ಎಂದು ಕೇಳಿದಾಗ 'ಪರವಾಗಿಲ್ಲ ಸಾರ್' ಅನ್ನಬೇಡಿ. ಆ ಹಾಳೆ ಮುಂದಿಡಿ.